ಒಂಟಿಚಕ್ರದ ವಿದ್ಯುತ್ ಬಂಡಿ: ಮಾರ್ಪಡಿಸುವ ಮುನ್ನ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ – ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿಯ ಶಾಲೆ ಕಾಲೇಜುಗಳಲ್ಲಿ ನೀವು ಪಾಠ ಹೇಳುತ್ತಿರಲಿ, ಕಲಿಯುತ್ತಿರಲಿ, ಬ್ಯಾಟರಿ ಸೈಕಲ್ಲಿನ ಮಾದರಿ ನಿಮಗೆ ಹೊಸದಲ್ಲ. ಹಳೆಯ ಸೈಕಲ್ಲಿಗೆ ಒಂದು ಮೋಟಾರು, ಒಂದು ಬ್ಯಾಟರಿ, ಹಿಂದಿನ ಚಕ್ರಕ್ಕೆ ಒಂದು ಡೈನಮೊ, ಪಕ್ಕದಲ್ಲಿ ‘ಇಂಧನವಿಲ್ಲದೆ ಓಡುವ ವಾಹನ’ ಎಂಬ ಫಲಕ. ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಇಂಥ ಮಾದರಿಯ ಸುತ್ತ ಜನ ಸೇರುವುದು ಸಾಮಾನ್ಯ ನೋಟ.

ಸೈಕಲ್ಲಿನಿಂದ ಹುಡುಗರ ಕಣ್ಣು ಒಂಟಿಚಕ್ರದ ವಿದ್ಯುತ್ ಬಂಡಿಯ ಕಡೆಗೆ ಹೊರಳುವುದು ಸಹಜ. ಒಂದೇ ಗಾಲಿ, ಅದರ ಎರಡೂ ಪಕ್ಕದಲ್ಲಿ ಕಾಲಿಡಲು ಮಡಚುವ ಮೆಟ್ಟಿಲು. ಹ್ಯಾಂಡಲ್ ಇಲ್ಲ, ಬ್ರೇಕಿನ ಹಿಡಿಯೂ ಇಲ್ಲ. ಮುಂದಕ್ಕೆ ಬಾಗಿದರೆ ಓಡುತ್ತದೆ, ಹಿಂದಕ್ಕೆ ಬಾಗಿದರೆ ನಿಲ್ಲುತ್ತದೆ. 2004ರಲ್ಲಿ ಟ್ರೆವರ್ ಬ್ಲ್ಯಾಕ್‌ವೆಲ್ ಸ್ವಂತವಾಗಿ ಇಂಥದೊಂದನ್ನು ಕಟ್ಟಿ ಓಡಿಸಿದರು. 2011ರಲ್ಲಿ ಶೇನ್ ಚೆನ್ ಅವರ ‘ಸೋಲೋವೀಲ್’ ಮಾರುಕಟ್ಟೆಗೆ ಬಂತು. ನಮ್ಮ ಊರುಗಳಲ್ಲಿ ಈ ಬಂಡಿ ಅಪರೂಪವೇ. ಆದರೆ ಗಾಲಿಯೊಳಗೇ ಕೂರುವ ಮೋಟಾರು, ಲಿಥಿಯಂ ಕೋಶಗಳು, ಓರೆಯನ್ನು ಅಳೆಯುವ ಸಂವೇದಕ – ಇವೆಲ್ಲ ಈಗ ಪಾರ್ಸೆಲ್ಲಿನಲ್ಲಿ ಮನೆಗೇ ಬರುತ್ತವೆ. ಮಾರ್ಪಾಡಿನ ವಿಧಾನ ತೋರಿಸುವ ವಿಡಿಯೋಗಳಿಗೂ ಕೊರತೆಯಿಲ್ಲ.

ಸ್ವಂತ ಕೈಯಿಂದ ಬಿಚ್ಚಿ ಜೋಡಿಸುವ ಹವ್ಯಾಸ ವಿಜ್ಞಾನ ಕಲಿಕೆಗೆ ಒಳ್ಳೆಯದೇ. ನಮ್ಮ ಆಕ್ಷೇಪ ಅದಕ್ಕಲ್ಲ. ಸೈಕಲ್ಲಿಗೆ ಒಪ್ಪುವ ಮಾರ್ಪಾಡನ್ನು ಹಾಗೆಯೇ ತಂದು ಒಂಟಿಚಕ್ರಕ್ಕೆ ಅಂಟಿಸುವುದಕ್ಕೆ ನಮ್ಮ ಆಕ್ಷೇಪ. ಸೈಕಲ್ಲಿನಲ್ಲಿ ಮೋಟಾರಿನ ಕೆಲಸ ಓಡಿಸುವುದು ಮಾತ್ರ. ಒಂಟಿಚಕ್ರದಲ್ಲಿ ಅದೇ ಮೋಟಾರು ಸವಾರನನ್ನು ಬೀಳದಂತೆ ಎತ್ತಿ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಈ ವ್ಯತ್ಯಾಸವನ್ನು ಮರೆತ ಮಾರ್ಪಾಡು ಎಷ್ಟೇ ಅಚ್ಚುಕಟ್ಟಾಗಿದ್ದರೂ ಸುಧಾರಣೆ ಎನ್ನಿಸಿಕೊಳ್ಳದು.

ಅಂಗೈ ಮೇಲಿನ ಪೊರಕೆ

ತರಗತಿಯಲ್ಲಿ ಒಂದು ಸುಲಭ ಪ್ರಯೋಗ ಮಾಡಿ. ಉದ್ದ ಹಿಡಿಯ ಪೊರಕೆಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿ. ಅದು ಮುಂದಕ್ಕೆ ಬಾಗಿದರೆ ನಿಮ್ಮ ಕೈಯೂ ಮುಂದಕ್ಕೆ ಓಡಿ ಅದರ ಬುಡವನ್ನು ಗುರುತ್ವ ಕೇಂದ್ರದ ಕೆಳಗೆ ತರುತ್ತದೆ. ಭೌತಶಾಸ್ತ್ರದಲ್ಲಿ ಇದಕ್ಕೆ ತಲೆಕೆಳಗಾದ ಲೋಲಕ ಎಂದು ಹೆಸರು. ಈಗ ಗೋಡೆಯಿಂದ ಒಂದು ಅಡಿ ದೂರದಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅದನ್ನೇ ಮಾಡಿ. ಪೊರಕೆ ಗೋಡೆಯ ಕಡೆಗೆ ಬಾಗಿದಾಗ ನಿಮ್ಮ ಕೈ ಗೋಡೆಗೆ ತಾಗುತ್ತದೆ, ಮುಂದೆ ಹೋಗಲಾಗದು, ಪೊರಕೆ ಬೀಳುತ್ತದೆ.

ಒಂಟಿಚಕ್ರದಲ್ಲಿ ಪೊರಕೆಯೇ ಸವಾರ, ಅಂಗೈಯೇ ಗಾಲಿ. ಸವಾರ ನೆಟ್ಟನೆಯ ಸ್ಥಿತಿಯಿಂದ 5 ಡಿಗ್ರಿ ಮುಂದಕ್ಕೆ ಬಾಗಿದನೆನ್ನಿ. ಅವನು ಇನ್ನಷ್ಟು ಬಾಗದಿರಬೇಕಾದರೆ ಗಾಲಿಯ ವೇಗೋತ್ಕರ್ಷ ಗುರುತ್ವ ವೇಗೋತ್ಕರ್ಷವನ್ನು 5 ಡಿಗ್ರಿಯ ಟ್ಯಾಂಜೆಂಟಿನಿಂದ ಗುಣಿಸಿದಷ್ಟು, ಅಂದರೆ ಸುಮಾರು 0.86 ಮೀಟರ್ ಪ್ರತಿ ಸೆಕೆಂಡಿನ ವರ್ಗದಷ್ಟು ಇರಬೇಕು. ಗಾಳಿಯ ತಡೆ, ನೆಲದ ಘರ್ಷಣೆ, ಏರು – ಇವುಗಳನ್ನು ಗೆದ್ದ ಮೇಲೆ ಇಷ್ಟು ಬಲ ಮೋಟಾರಿನಲ್ಲಿ ಉಳಿದಿರಬೇಕು. ಇದನ್ನು ‘ಮೀಸಲು ಬಲ’ ಎಂದು ಕರೆಯೋಣ. ಅದು ಮುಗಿದ ಕ್ಷಣವೇ ಗೋಡೆ. ಸವಾರ ಮುಂದಕ್ಕೆ, ಮುಖ ಕೆಳಗಾಗಿ ಬೀಳುತ್ತಾನೆ.

ಮೊದಲ ಮಾರ್ಪಾಡು: ವೇಗದ ಮಿತಿಯನ್ನು ತೆಗೆಯುವುದು

ನಿಗದಿತ ವೇಗ ದಾಟಿದರೆ ಈ ಬಂಡಿಗಳು ಬೀಪ್ ಎನ್ನುತ್ತವೆ. ಮೆಟ್ಟಿಲಿನ ಮುಂಭಾಗವನ್ನು ಮೇಲಕ್ಕೆತ್ತಿ ಸವಾರನನ್ನು ಹಿಂದಕ್ಕೆ ದೂಡುತ್ತವೆ. ಅನೇಕರಿಗೆ ಇದು ಕಿರಿಕಿರಿ. ತಂತ್ರಾಂಶವನ್ನು ಬದಲಿಸಿ ಮಿತಿಯನ್ನು ಏರಿಸುವುದು ಅತ್ಯಂತ ಜನಪ್ರಿಯ ಮಾರ್ಪಾಡು. ಇದರ ಪರಿಣಾಮವೇನು?

ತಿರುಗುವ ಮೋಟಾರು ಜನಿತ್ರವೂ ಹೌದು. ಲೆಂಝ್ ನಿಯಮದಂತೆ ಅದರಲ್ಲಿ ಬ್ಯಾಟರಿಗೆ ವಿರುದ್ಧವಾದ ವಿದ್ಯುಚ್ಚಾಲಕ ಬಲ ಹುಟ್ಟುತ್ತದೆ. ವೇಗ ಹೆಚ್ಚಿದಂತೆ ಅದೂ ಹೆಚ್ಚುತ್ತದೆ. ಅದು ಬ್ಯಾಟರಿಯ ವಿಭವಾಂತರಕ್ಕೆ ಸಮನಾದಾಗ ಮೋಟಾರಿಗೆ ಪ್ರವಾಹ ಹರಿಯದು, ತಿರುಗುಬಲ ಸೊನ್ನೆಯಾಗುತ್ತದೆ. ಗಾಲಿಯನ್ನು ನೆಲದಿಂದ ಎತ್ತಿ ಓಡಿಸಿದಾಗ ತಲುಪುವ ಗರಿಷ್ಠ ವೇಗ ಹೆಚ್ಚುಕಡಿಮೆ ಇದೇ.

ಲೆಕ್ಕಕ್ಕಾಗಿ 16 ಲಿಥಿಯಂ ಕೋಶಗಳ ಸರಣಿಯನ್ನು ತೆಗೆದುಕೊಳ್ಳಿ. ಪೂರ್ತಿ ತುಂಬಿದಾಗ ಕೋಶವೊಂದಕ್ಕೆ 4.2 ವೋಲ್ಟ್, ಒಟ್ಟು 67.2 ವೋಲ್ಟ್. ಆಗ ಗಾಲಿಯ ಬರಿ ಓಟದ ವೇಗ ಗಂಟೆಗೆ 40 ಕಿ.ಮೀ. ಎಂದಿಟ್ಟುಕೊಳ್ಳೋಣ. ತಿರುಗುಬಲ ವೇಗಕ್ಕೆ ತಕ್ಕಂತೆ ನೇರ ರೇಖೆಯಲ್ಲಿ ಇಳಿಯುತ್ತದೆ ಎಂದು ಭಾವಿಸಿದರೆ, 25 ಕಿ.ಮೀ. ವೇಗದಲ್ಲಿ ನಿಂತಲ್ಲಿನ ಬಲದ ಶೇಕಡ 37.5 ಭಾಗ ಲಭ್ಯ. ಬ್ಯಾಟರಿ ಬರಿದಾಗುತ್ತ ಬಂದು ಕೋಶವೊಂದಕ್ಕೆ 3.3 ವೋಲ್ಟ್ ಆದಾಗ ಒಟ್ಟು 52.8 ವೋಲ್ಟ್, ಬರಿ ಓಟದ ವೇಗ 31.4 ಕಿ.ಮೀ.ಗೆ ಇಳಿಯುತ್ತದೆ. ಆಗಲೂ 25 ಕಿ.ಮೀ.ನಲ್ಲಿ ಸುಮಾರು ಶೇಕಡ 20 ಉಂಟು.

ಈಗ ಮಿತಿಯನ್ನು 30 ಕಿ.ಮೀ.ಗೆ ಏರಿಸಿ. ತುಂಬಿದ ಬ್ಯಾಟರಿಯಲ್ಲಿ ಶೇಕಡ 25 ಲಭ್ಯ, ಸವಾರಿ ಸೊಗಸಾಗಿಯೇ ಇರುತ್ತದೆ. ಬರಿದಾಗುತ್ತಿರುವ ಬ್ಯಾಟರಿಯಲ್ಲಿ? ಶೇಕಡ 4.5 ಮಾತ್ರ! ಗಾಳಿಯ ತಡೆಯನ್ನೂ ಇದರಿಂದಲೇ ಗೆಲ್ಲಬೇಕು. ಒಂದು ಹಂಪು, ಒಂದು ಗುಂಡಿ, ಎದುರು ಗಾಳಿಯ ಒಂದು ಬೀಸು ಸಾಕು. ಬೆಳಿಗ್ಗೆ ಪರೀಕ್ಷೆ ಮಾಡಿ ‘ಚೆನ್ನಾಗಿ ಓಡುತ್ತದೆ’ ಎಂದು ಒಪ್ಪಿದ ಬಂಡಿ ಸಂಜೆ ಅದೇ ದಾರಿಯಲ್ಲಿ ಸವಾರನನ್ನು ಬೀಳಿಸುವುದು ಹೀಗೆ.

ತಯಾರಕರೇ ಕಲಿತ ಪಾಠ

ಇದು ಹೆದರಿಸಲು ಹೇಳಿದ ಮಾತಲ್ಲ. ಸ್ವಯಂ ಸಮತೋಲನದ ‘ಸೆಗ್‌ವೇ’ ಬಂಡಿಯನ್ನು ಸೆಪ್ಟೆಂಬರ್ 2003ರಲ್ಲಿ ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅದುವರೆಗೆ ಮಾರಾಟವಾಗಿದ್ದ ಸುಮಾರು 6000 ಬಂಡಿಗಳಿಗೆ ಇದು ಅನ್ವಯಿಸಿತು. ಕಾರಣ: ಬ್ಯಾಟರಿ ಮುಗಿಯುವ ಹಂತದಲ್ಲಿ ಸವಾರ ಥಟ್ಟನೆ ವೇಗ ಹೆಚ್ಚಿಸಿದರೆ ಅಥವಾ ಅಡೆತಡೆ ಎದುರಾದರೆ ಸಾಕಷ್ಟು ಶಕ್ತಿ ಸಿಗದೆ ಅವನು ಬೀಳಬಹುದಾಗಿತ್ತು. ಪರಿಹಾರವಾಗಿ ತಂತ್ರಾಂಶವನ್ನು ಬದಲಿಸಿದರು.

ಒಂದೇ ಗಾಲಿಯ ಹಲಗೆಬಂಡಿ ‘ಒನ್‌ವೀಲ್’ನ ಕತೆ ಇನ್ನೂ ಗಂಭೀರ. ಸೆಪ್ಟೆಂಬರ್ 2023ರಲ್ಲಿ ಸುಮಾರು 3 ಲಕ್ಷ ಬಂಡಿಗಳನ್ನು ಹಿಂದಕ್ಕೆ ಕರೆಯಲಾಯಿತು. 2019ರಿಂದ 2021ರ ನಡುವೆ ನಾಲ್ವರು ಸವಾರರು ಸತ್ತ ವರದಿಗಳಿದ್ದವು. ಬಂಡಿಯ ಶಕ್ತಿಯ ಮಿತಿ ಮೀರಿದಾಗ ಸಮತೋಲನ ತಪ್ಪುತ್ತಿತ್ತು. ಈಚಿನ ಮಾದರಿಗಳಿಗೆ ಒದಗಿಸಿದ ಪರಿಹಾರವನ್ನು ಗಮನಿಸಿ: ಮಿತಿ ಸಮೀಪಿಸಿದಾಗ ಕಾಲಿಗೂ ಕಿವಿಗೂ ತಿಳಿಯುವಂತೆ ಝುಂಯ್ಗುಡುವ ಎಚ್ಚರಿಕೆ. ಹಳೆಯ ಎರಡು ಮಾದರಿಗಳನ್ನು ಬಳಸದೆ ವಿಲೇವಾರಿ ಮಾಡುವಂತೆ ಸೂಚಿಸಲಾಯಿತು. ಸಾವಿನ ನಂತರ ತಯಾರಕರು ಸೇರಿಸಿದ್ದು ಯಾವ ಎಚ್ಚರಿಕೆಯನ್ನೋ, ಅಂಥದ್ದನ್ನೇ ಕಿರಿಕಿರಿಯೆಂದು ಕಿತ್ತುಹಾಕುವುದನ್ನು ನಾವು ‘ನಾವೀನ್ಯ’ ಎಂದು ಕರೆಯಬಹುದೇ?

ಎರಡನೆಯ ಮಾರ್ಪಾಡು: ಬ್ಯಾಟರಿ ಸೇರಿಸುವುದು

ಇದರಲ್ಲಿ ತತ್ತ್ವ ಸರಿಯಿದೆ. ಕೋಶವೊಂದರ ಆಂತರಿಕ ರೋಧ 0.05 ಓಮ್ ಇದ್ದು, ಎರಡೆರಡು ಸಮಾಂತರವಾಗಿರುವ 16ರ ಸರಣಿಯಾದರೆ ಒಟ್ಟು ರೋಧ 0.4 ಓಮ್. 20 ಆಂಪಿಯರ್ ಎಳೆದಾಗ ಒಳಗೇ 8 ವೋಲ್ಟ್ ಕಳೆದುಹೋಗುತ್ತದೆ. ಅಂಥದೇ ಇನ್ನೊಂದು ಗುಂಪನ್ನು ಸಮಾಂತರವಾಗಿ ಸೇರಿಸಿದರೆ ನಷ್ಟ 4 ವೋಲ್ಟಿಗೆ ಇಳಿಯುತ್ತದೆ. ದೂರವಷ್ಟೇ ಅಲ್ಲ, ಮೀಸಲು ಬಲವೂ ಹೆಚ್ಚುತ್ತದೆ.

ಅಪಾಯವಿರುವುದು ಜೋಡಿಸುವ ಕ್ರಮದಲ್ಲಿ. ಒಂದು ಗುಂಪು ತುಂಬಿದ್ದು ಇನ್ನೊಂದು ಬರಿದಾಗಿದ್ದು ಎರಡರ ನಡುವೆ 10 ವೋಲ್ಟ್ ವ್ಯತ್ಯಾಸವಿದ್ದರೆ, ಒಟ್ಟು 0.8 ಓಮ್ ಮೂಲಕ 12.5 ಆಂಪಿಯರ್ ನುಗ್ಗುತ್ತದೆ. ಬರಿದಾದ ಗುಂಪಿನ ಪ್ರತಿ ಕೋಶಕ್ಕೂ 6.25 ಆಂಪಿಯರ್! 2.5 ಆಂಪಿಯರ್-ಗಂಟೆಯ ಕೋಶವನ್ನು ಸಾಮಾನ್ಯವಾಗಿ 1.25 ಆಂಪಿಯರಿನಲ್ಲಿ ತುಂಬಬೇಕು. ಕೋಶಗಳು ಕಾಯುತ್ತವೆ, ಹೊತ್ತಿಕೊಳ್ಳಲೂಬಹುದು. ಜುಲೈ 2016ರಲ್ಲಿ ಅಮೆರಿಕದಲ್ಲಿ 5 ಲಕ್ಷಕ್ಕೂ ಹೆಚ್ಚು ‘ಹೋವರ್‌ಬೋರ್ಡ್’ಗಳನ್ನು ಹಿಂದಕ್ಕೆ ಕರೆದದ್ದು ಲಿಥಿಯಂ ಬ್ಯಾಟರಿಗಳು ಕಾದು ಬೆಂಕಿ ಹಿಡಿಯುತ್ತಿದ್ದ ಕಾರಣಕ್ಕೆ. ಬಹುತೇಕ ಲಿಥಿಯಂ ಕೋಶಗಳನ್ನು 45 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ತಾಪದಲ್ಲಿ ಚಾರ್ಜ್ ಮಾಡಬಾರದು. ಪಾವಗಡ, ಶಿರಾ ಕಡೆಯ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಪ್ಪು ಪೆಟ್ಟಿಗೆಯೊಳಗೆ ಈ ತಾಪ ಸುಲಭವಾಗಿ ಮೀರುತ್ತದೆ.

ಅಂಗಡಿಯವರು ಬಿ.ಎಂ.ಎಸ್. ಎನ್ನುವ ರಕ್ಷಣಾ ಫಲಕದ ವಿಷಯವೂ ಇಲ್ಲೇ ಬರುತ್ತದೆ. ಸೈಕಲ್ಲಿನಲ್ಲಿ ಆ ಫಲಕ ಪ್ರವಾಹವನ್ನು ಕಡಿದರೆ ನೀವು ಪೆಡಲ್ ತುಳಿದು ಮನೆ ಸೇರುತ್ತೀರಿ. ಒಂಟಿಚಕ್ರದಲ್ಲಿ ಕಡಿದರೆ ಬೀಳುತ್ತೀರಿ. ಆದ್ದರಿಂದ ಫಲಕವನ್ನೇ ತಪ್ಪಿಸಿ ತಂತಿ ಎಳೆಯುವವರಿದ್ದಾರೆ. ಅವರ ವಾದದಲ್ಲಿ ಅರ್ಧ ಸತ್ಯವಿದೆ. ಓಡುವಾಗ ಥಟ್ಟನೆ ಕಡಿಯಬಾರದು, ನಿಜ. ಅದಕ್ಕೆ ಬದಲಾಗಿ ನಿಯಂತ್ರಕವು ಮೊದಲೇ ಎಚ್ಚರಿಸಿ ವೇಗ ಇಳಿಸಬೇಕು. ಆದರೆ ಚಾರ್ಜ್ ಮಾಡುವಾಗಿನ ರಕ್ಷಣೆಯನ್ನು ತೆಗೆಯಲು ಯಾವ ಸಮರ್ಥನೆಯೂ ಇಲ್ಲ.

ಮೂರನೆಯ ಮಾರ್ಪಾಡು: ‘ತಾನೇ ಚಾರ್ಜ್ ಆಗುವ’ ಡೈನಮೊ

ಸೈಕಲ್ ಡೈನಮೊ 3 ವಾಟ್ ಕೊಡುತ್ತದೆ. ಅದರ ದಕ್ಷತೆ ಶೇಕಡ 40 ಎಂದರೆ ಗಾಲಿಯಿಂದ 7.5 ವಾಟ್ ಸೆಳೆಯುತ್ತದೆ. ಆ 7.5 ವಾಟನ್ನು ಶೇಕಡ 75 ದಕ್ಷತೆಯ ಮೋಟಾರು ಒದಗಿಸಲು ಬ್ಯಾಟರಿ 10 ವಾಟ್ ತೆರಬೇಕು. ಹತ್ತು ಕೊಟ್ಟು ಮೂರು ಪಡೆಯುವುದು ಉಳಿತಾಯವಲ್ಲ. ಶಕ್ತಿ ಸಂರಕ್ಷಣೆಯ ನಿಯಮವನ್ನು ಪಾಠದಲ್ಲಿ ಓದಿ ಪ್ರದರ್ಶನದಲ್ಲಿ ಮರೆಯುವುದು ಯಾಕೆ? ಒಂಟಿಚಕ್ರದಲ್ಲಂತೂ ಆ 7.5 ವಾಟ್ ಹೋಗುವುದು ಮೀಸಲಿನಿಂದಲೇ. ಇಳಿಜಾರಿನಲ್ಲಿ ಮೋಟಾರೇ ಜನಿತ್ರವಾಗಿ ಬ್ಯಾಟರಿಗೆ ಶಕ್ತಿ ಮರಳಿಸುವುದು ಬೇರೆ ವಿಷಯ. ಅದು ಹತ್ತುವಾಗ ಖರ್ಚಾದದ್ದರ ಒಂದು ಪಾಲು.

ನಿಜವಾದ ಹೊರಗಿನ ಶಕ್ತಿ ಬೇಕೆಂದರೆ ತಲೆಯೆತ್ತಿ ನೋಡಿ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ ಸೌರ ಉದ್ಯಾನ 2019ರ ಕೊನೆಗೆ ತನ್ನ ಪೂರ್ಣ 2050 ಮೆಗಾವಾಟ್ ಸಾಮರ್ಥ್ಯ ತಲುಪಿತು. ಅದೇ ಬಿಸಿಲಿನಲ್ಲಿ ಶಾಲೆಯ ಮಾಳಿಗೆಯ ಮೇಲೆ 100 ವಾಟ್ ಫಲಕವಿಟ್ಟರೆ, ದಿನಕ್ಕೆ ನಾಲ್ಕು ಗಂಟೆಯ ಪೂರ್ಣ ಬಿಸಿಲು, ಶೇಕಡ 30 ನಷ್ಟ ಎಂದು ಹಿಡಿದರೂ 280 ವಾಟ್-ಗಂಟೆ ಸಿಗುತ್ತದೆ. ಸಣ್ಣ ಬಂಡಿಗೆ ಅದು ಸಾಕಷ್ಟಾಯಿತು. ಡೈನಮೊಗಿಂತ ಇದರಲ್ಲಿ ಬೆರಗು ಕಡಿಮೆ, ವಿಜ್ಞಾನ ಹೆಚ್ಚು.

ಬಹುಮಾನ ಯಾವುದಕ್ಕೆ?

ತಪ್ಪು ವಿದ್ಯಾರ್ಥಿಗಳದ್ದಷ್ಟೇ ಅಲ್ಲ. ‘ಎಷ್ಟು ವೇಗ ಹೋಗುತ್ತದೆ? ಎಷ್ಟು ಖರ್ಚಾಯಿತು?’ – ಈ ಎರಡು ಪ್ರಶ್ನೆ ಕೇಳಿ ಅಂಕ ಹಾಕುವ ತನಕ ಮಕ್ಕಳು ವೇಗವನ್ನೇ ಹೆಚ್ಚಿಸುತ್ತಾರೆ, ಅಗ್ಗದ ಕೋಶಗಳನ್ನೇ ತರುತ್ತಾರೆ. ರಸ್ತೆಯ ಕಾನೂನೂ ನೆನಪಿರಲಿ. ಕೇಂದ್ರ ಮೋಟಾರು ವಾಹನ ನಿಯಮಗಳು ನೋಂದಣಿಯ ವಿನಾಯಿತಿ ಕೊಡುವುದು 250 ವಾಟ್‌ಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ.ಗಿಂತ ಕಡಿಮೆ ವೇಗದ, ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಬ್ಯಾಟರಿ ವಾಹನಗಳಿಗೆ. ಮನೆಯಲ್ಲಿ ಬಿಚ್ಚಿ ಶಕ್ತಿ ಹೆಚ್ಚಿಸಿದ ಬಂಡಿಗೆ ಆ ಆಶ್ರಯವಿಲ್ಲ. ಅದರ ಮೇಲೆ ವಿದ್ಯಾರ್ಥಿಯನ್ನು ಹತ್ತಿಸಿ ಶಾಲೆಯ ಮುಂದಿನ ರಸ್ತೆಯಲ್ಲಿ ಓಡಿಸಿ ತೋರಿಸುವುದು ಪ್ರಾತ್ಯಕ್ಷಿಕೆಯಲ್ಲ.

ಹಾಗಾದರೆ ಏನು ಮಾಡಬಹುದು? ಆಟಿಕೆಯ ಮೋಟಾರು, ಅಂಗೈಯಗಲದ ನಿಯಂತ್ರಕ ಫಲಕ, ಓರೆ ಅಳೆಯುವ ಸಂವೇದಕ ಸೇರಿಸಿ ಮೇಜಿನ ಮೇಲೆ ತಾನೇ ನಿಲ್ಲುವ ಎರಡು ಗಾಲಿಯ ಪುಟ್ಟ ಬಂಡಿ ಕಟ್ಟಿ. ಲಿಥಿಯಂ ಕೋಶಗಳ ಬದಲು ವಿಭವಾಂತರವನ್ನು ಏರಿಳಿಸಬಹುದಾದ ಪ್ರಯೋಗಶಾಲೆಯ ವಿದ್ಯುತ್ ಮೂಲವನ್ನು ಬಳಸಿ. ಅರ್ಧರ್ಧ ವೋಲ್ಟ್ ಇಳಿಸುತ್ತ ಹೋಗಿ. ಪ್ರತಿ ಹಂತದಲ್ಲಿ ಎಷ್ಟು ಇಳಿಜಾರಿನ ಹಲಗೆಯ ಮೇಲೆ ಅದು ಬೀಳುತ್ತದೆ ಎಂದು ಬರೆದಿಡಿ, ನಕ್ಷೆ ಎಳೆಯಿರಿ. ಇಷ್ಟೂ ಸೌಲಭ್ಯವಿಲ್ಲದ ಶಾಲೆಯಲ್ಲಿ ಒಂದು ಸಣ್ಣ ಡಿ.ಸಿ. ಮೋಟಾರಿನ ಗಾಲಿಗೆ ಗುರುತು ಹಾಕಿ, ವಿಭವಾಂತರಕ್ಕೆ ತಕ್ಕಂತೆ ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಬಹುದು. ನಿಜವಾದ ಬಂಡಿಯೇ ಕೈಗೆ ಸಿಕ್ಕಿದ್ದರೆ ದೀಪ, ಕೆಸರು ತಡೆ, ಕಾಲಿಗೆ ಮೆತ್ತೆ, ಸ್ಪಷ್ಟವಾಗಿ ಕಾಣುವ ವೋಲ್ಟ್‌ಮಾಪಕ – ಇವೂ ಮಾರ್ಪಾಡುಗಳೇ, ಉಪಯುಕ್ತವಾದವು.

ತೀರ್ಪುಗಾರರಾಗಿ ಹೋಗುವ ಶಿಕ್ಷಕರು ಇನ್ನು ಮುಂದೆ ಮೂರು ಪ್ರಶ್ನೆ ಕೇಳಲಿ: ಈ ಮಾರ್ಪಾಡು ಮೀಸಲು ಬಲವನ್ನು ಹೆಚ್ಚಿಸಿತೇ, ಕಡಿಮೆ ಮಾಡಿತೇ? ಬ್ಯಾಟರಿ ಬರಿದಾಗುತ್ತಿರುವಾಗಲೂ ಅಳೆದು ನೋಡಿದ್ದೀರಾ? ಕೆಟ್ಟುನಿಂತರೆ ಸವಾರನಿಗೆ ಏನಾಗುತ್ತದೆ? ವಿದ್ಯಾರ್ಥಿಗಳೂ ತಮ್ಮ ಫಲಕದಲ್ಲಿ ‘ಗರಿಷ್ಠ ವೇಗ ಇಷ್ಟು’ ಎಂಬ ಸಾಲಿನ ಕೆಳಗೆ ‘ಆ ವೇಗದಲ್ಲಿ ಉಳಿಯುವ ಮೀಸಲು ಇಷ್ಟು’ ಎಂಬ ಇನ್ನೊಂದು ಸಾಲನ್ನು ಬರೆಯಲಿ. ಆ ಎರಡನೆಯ ಅಂಕಿಯನ್ನು ಅಳೆದು ತೋರಿಸಿದವರಿಗೆ ಬಹುಮಾನ ಸಲ್ಲಲಿ.