ನಿಮ್ಹಾನ್ಸ್‌ಗೆ ಕಳಿಸುವ ವಾದ

ಮಹಾಲಕ್ಷ್ಮಿ ಲೇಔಟಿನ ನಿವಾಸಿಗಳ ವಾಟ್ಸ್‌ಆ್ಯಪ್ ಗುಂಪಿರಲಿ, ಟಿವಿ ಮೈಕಿನೆದುರು ರಾಜಕಾರಣಿಯ ಹೇಳಿಕೆಯಿರಲಿ, ವಾದ ಸೋಲುವ ಹೊತ್ತಿಗೆ ನಮ್ಮೂರಿನವರಿಗೆ ನಿಮ್ಹಾನ್ಸ್ ಇರುವ ಹೊಸೂರು ರಸ್ತೆ ನೆನಪಾಗುತ್ತದೆ. ‘ಇವರನ್ನ ನಿಮ್ಹಾನ್ಸ್‌ಗೆ ಸೇರಿಸಿ ಸ್ವಾಮಿ’ ಅಂದರೆ ಮುಗಿಯಿತು. ಪಾರ್ಕಿಂಗ್ ಬಗ್ಗೆ ಎದುರಿನವರು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಹೊರೆ ತಪ್ಪಿತು. 1974ರಲ್ಲಿ ರೂಪುಗೊಂಡು ದೇಶದ ಮೂಲೆಮೂಲೆಯ ಮನೋರೋಗಿಗಳನ್ನು ನೋಡುವ ಸಂಸ್ಥೆಯ ಹೆಸರನ್ನು ಬೈಗುಳ ಮಾಡಿಕೊಂಡದ್ದು ಬೆಂಗಳೂರಿನ ವಿಚಿತ್ರ ಸಾಧನೆ.

ಇದು ಮಾನಹಾನಿಯೇ? ಬರಿಯ ಬೈಗುಳ ಅಷ್ಟು ದೂರ ಹೋಗದು ಎಂದೇ ನನ್ನ ಎಣಿಕೆ. ಕೇಳಿದ ಯಾರೂ ಅದನ್ನು ರೋಗದ ಸುದ್ದಿಯೆಂದು ನಂಬುವುದಿಲ್ಲ. ‘ಅವರು ಮಾತ್ರೆ ನುಂಗ್ತಾರೆ, ಹೋದ ವರ್ಷ ಅಡ್ಮಿಟ್ ಆಗಿದ್ರು’ ಎನ್ನುವುದು ಬೇರೆ. ಅದನ್ನು ನಂಬುತ್ತಾರೆ. ಹಳೆಯ ದಂಡಸಂಹಿತೆಯ 499, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ, ಒಬ್ಬರ ಬೌದ್ಧಿಕ ಯೋಗ್ಯತೆಯನ್ನು ಪರರ ಕಣ್ಣಲ್ಲಿ ಇಳಿಸುವುದನ್ನೂ ಅವರ ದೇಹ ಅಸಹ್ಯ ಸ್ಥಿತಿಯಲ್ಲಿದೆಯೆಂದು ನಂಬಿಸುವುದನ್ನೂ ಹಾನಿಯೆಂದೇ ಎಣಿಸುತ್ತದೆ. ‘ನಿಜಾನೇ ಹೇಳಿದ್ದು’ ಎಂಬ ಸಬೂಬೂ ಅಲ್ಲಿ ಸಾಲದು. ಆ ನಿಜ ಹೊರಬೀಳುವುದರಿಂದ ಸಾರ್ವಜನಿಕರಿಗೆ ಒಳಿತಾಗಬೇಕು.

ತೊಡಕಿರುವುದು ಇನ್ನೊಂದು ಕಡೆ. ಮೊಕದ್ದಮೆ ಗೆಲ್ಲಬೇಕಾದರೆ, ಕಾಯಿಲೆಯೆಂದರೆ ನಾಚಿಕೆಗೇಡು ಎಂಬುದನ್ನು ದೂರುದಾರರೇ ಒಪ್ಪಿಕೊಂಡು ಕಟಕಟೆಯಲ್ಲಿ ನಿಲ್ಲಬೇಕು.

ತ್ರಿವೇಣಿಯವರ ಕಾದಂಬರಿ ಹಿಡಿದು ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದ ‘ಶರಪಂಜರ’ ಚಿತ್ರ ಈ ನಾಚಿಕೆಯ ವಿಚಾರದಲ್ಲಿ ಕಾನೂನಿಗಿಂತ ಆಳಕ್ಕೆ ಇಳಿಯುತ್ತದೆ. ನಾಯಕಿ ಕಾವೇರಿಗೆ ಕಾಯಿಲೆ ಬಂದದ್ದು ನಿಜ. ಯಾರೂ ಸುಳ್ಳು ಹೇಳಿಲ್ಲ. ಆದರೆ ವಾಸಿಯಾಗಿ ಮನೆಗೆ ಬಂದವಳು ನಕ್ಕರೂ ಸಿಟ್ಟಾದರೂ ಗಂಡನಿಗೆ, ನೆರೆಹೊರೆಗೆ ಕಾಣುವುದು ಹಳೆಯ ಹುಚ್ಚೇ. ಗಂಡನ ತಪ್ಪನ್ನು ಎತ್ತಿ ಆಡಿದರೆ ಅದೂ ರೋಗಲಕ್ಷಣ. ಆ ಪಾತ್ರದಲ್ಲಿ ಕಲ್ಪನಾ ಅಭಿನಯದ ಬಿರುಸನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಚಿತ್ರದ ಕಸುವು ಇರುವುದು ಕಿವಿಗೊಡದ ಆ ಮನೆಯಲ್ಲಿ. ಹಾಗಿದ್ದೂ ಕೊನೆಗೆ ಅವಳನ್ನು ಮತ್ತೆ ಹುಚ್ಚಿಗೇ ದೂಡಿದ ಪುಟ್ಟಣ್ಣ, ತಾವೇ ಟೀಕಿಸಿದ ನೆರೆಯವರ ಅನುಮಾನಕ್ಕೆ ರುಜು ಹಾಕಿಬಿಟ್ಟರು.

2017ರ ಮಾನಸಿಕ ಆರೋಗ್ಯ ಕಾಯ್ದೆ ಬೇರೆ ದಾರಿ ಹಿಡಿದಿದೆ. ಕಾಯಿಲೆ ಅವಮಾನವೋ ಅಲ್ಲವೋ ಎಂದು ಅದು ಕೇಳುವುದೇ ಇಲ್ಲ. ವಿವರ ಗೋಪ್ಯವಾಗಿರುವುದು ರೋಗಿಯ ಹಕ್ಕು ಎನ್ನುತ್ತದೆ. ಈ ಕಾಯ್ದೆಯೇ ನನಗೆ ಹೆಚ್ಚು ಒಪ್ಪಿಗೆ. ಆದರೆ ಅದು ಗುಟ್ಟು ಕಾಯುವ ಹೊಣೆ ಹೊರಿಸಿರುವುದು ಚಿಕಿತ್ಸೆ ಕೊಡುವವರ ಮೇಲೆ. ಮೆಡಿಕಲ್ ಶಾಪಿನಲ್ಲಿ ಹಿಂದೆ ನಿಂತು ಚೀಟಿ ಓದಿಕೊಂಡು ಬಂದು ಗುಂಪಿನಲ್ಲಿ ಹಾಕುವ ನೆರೆಯವನಿಗೆ ತೋರಿಸಲು ಉಳಿಯುವುದು ಮತ್ತದೇ 356.