ಮೂವತ್ತು ಪರ್ಸೆಂಟಿನ ವಿಮೆ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕವನ್ನು ಹೊಗಳುವವರು ಒಂದು ಮಾತನ್ನು ತಪ್ಪದೆ ಹೇಳುತ್ತಾರೆ: ರಾಜ್ಯದ ಯಾವ ಕುಟುಂಬವೂ ಇದರ ಹೊರಗಿಲ್ಲ. 2018ರಲ್ಲಿ ವಾಜಪೇಯಿ ಆರೋಗ್ಯಶ್ರೀ, ಯಶಸ್ವಿನಿ, ರಾಜೀವ್ ಆರೋಗ್ಯ ಭಾಗ್ಯ ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದಂದಿನಿಂದ ಈ ಕೀರ್ತಿ ನಡೆದುಬಂದಿದೆ. ಬಿಪಿಎಲ್ ಕುಟುಂಬಗಳ ಮಟ್ಟಿಗೆ ನನ್ನದೇನೂ ತಕರಾರಿಲ್ಲ. ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ, ಪ್ರೀಮಿಯಂ ಇಲ್ಲ. ಅದು ದೊಡ್ಡ ಕೆಲಸವೇ. ತಕರಾರಿರುವುದು ಎಪಿಎಲ್‌ನವರಿಗೆಂದು ಬರೆದ ಆ ಒಂದು ಸಾಲಿನ ಬಗ್ಗೆ.

ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಭರಿಸುತ್ತದೆ, ಕುಟುಂಬಕ್ಕೆ ವರ್ಷಕ್ಕೆ ಗರಿಷ್ಠ ಒಂದೂವರೆ ಲಕ್ಷ: ಆ ಸಾಲಿನ ತಿರುಳು ಇಷ್ಟು. ಕಣ್ಣು ಮೊದಲು ಒಂದೂವರೆ ಲಕ್ಷದ ಮೇಲೆ ಹೋಗುತ್ತದೆ. ಆದರೆ ಪೆನ್ಸಿಲ್ ಹಿಡಿದು ಕೂತು ನೋಡಿ. ಒಂದು ಆಪರೇಷನ್ನಿನ ಪ್ಯಾಕೇಜ್ ದರ 60,000 ಎಂದಿಟ್ಟುಕೊಳ್ಳಿ. ಸರ್ಕಾರದ ಪಾಲು 18,000. ಉಳಿದ 42,000 ಮನೆಯವರೇ ಹೊಂದಿಸಬೇಕು. ಬಡ್ಡಿಗೆ ತರುತ್ತಾರೋ, ಒಡವೆ ಅಡವಿಡುತ್ತಾರೋ. ಇನ್ನು ಆ ಒಂದೂವರೆ ಲಕ್ಷ ಪೂರ್ತಿ ಕೈಗೆ ಸಿಗಬೇಕಾದರೆ ವರ್ಷದೊಳಗೆ ಆ ಮನೆಯ ಚಿಕಿತ್ಸೆಗಳ ಪ್ಯಾಕೇಜ್ ದರ ಒಟ್ಟು 5 ಲಕ್ಷ ಮುಟ್ಟಬೇಕು. ಅಷ್ಟರಲ್ಲಿ ಮನೆಯವರ ಜೇಬಿನಿಂದ ಮೂರೂವರೆ ಲಕ್ಷ ಹೋಗಿರುತ್ತದೆ. ಶೇ 30ರ ಲೆಕ್ಕವಾದರೂ ಯಾವುದರ ಮೇಲೆ? ಸರ್ಕಾರ ಗೊತ್ತುಮಾಡಿದ ದರದ ಮೇಲೆ, ಆಸ್ಪತ್ರೆ ಬರೆಯುವ ಬಿಲ್ಲಿನ ಮೇಲಲ್ಲ. ವಿಮೆಯೆಂದರೆ ದೊಡ್ಡ ಪಾಲನ್ನು ವಿಮೆ ಹೊರಬೇಕು, ಚಿಕ್ಕ ಪಾಲನ್ನು ರೋಗಿ. ಇಲ್ಲಿ ತಲೆಕೆಳಗು. ಇದನ್ನು ವಿಮೆ ಎಂದು ಕರೆಯುವುದಕ್ಕಿಂತ ರಿಯಾಯಿತಿ ಕೂಪನ್ ಎನ್ನುವುದು ಪ್ರಾಮಾಣಿಕ. ಆ ಕೂಪನ್ನಿಗೂ ತುರ್ತು ಚಿಕಿತ್ಸೆಗಳ ಪಟ್ಟಿಯಲ್ಲಿಲ್ಲದ ಕಾಯಿಲೆಯಾದರೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ಎಪಿಎಲ್‌ನವರು ಉಳ್ಳವರು, ಅವರಿಗೆ ಇಷ್ಟು ಸಾಕಲ್ಲ ಎನ್ನುವ ವಿಮರ್ಶಕರಿದ್ದಾರೆ. ಇವರು ರೇಷನ್ ಕಾರ್ಡಿನ ನಿಯಮವನ್ನು ಒಮ್ಮೆಯಾದರೂ ಓದಿದ್ದಾರೆಯೇ ಎಂಬ ಗುಮಾನಿ ನನಗಿದೆ. ಬಿಪಿಎಲ್ ಕಾರ್ಡಿಗೆ ಕುಟುಂಬದ ವರ್ಷದ ಆದಾಯದ ಮಿತಿ 1.2 ಲಕ್ಷ, ಅಂದರೆ ತಿಂಗಳಿಗೆ 10,000. ಹನ್ನೆರಡು ಸಾವಿರ ಸಂಬಳದ ಸೆಕ್ಯುರಿಟಿ ಗಾರ್ಡ್ ಈ ಲೆಕ್ಕದಲ್ಲಿ ಉಳ್ಳವನು! 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸಲು ಹೋಗಿ ಗದ್ದಲವೆದ್ದಾಗ ಮಾತೆಲ್ಲ ಬಹುಪಾಲು ಅಕ್ಕಿಯ ಸುತ್ತಲೇ ಸುತ್ತಿತು. ಕಾರ್ಡಿನ ಜೊತೆಗೆ ಆಸ್ಪತ್ರೆಯ ಬಾಗಿಲಲ್ಲಿ ಏನು ಕೈತಪ್ಪುತ್ತದೆ ಎಂದು ಕೇಳಿದವರು ಕಡಿಮೆ. ಇನ್ನೊಂದು ಪಂಗಡದವರಿಗೆ ಎಲ್ಲದಕ್ಕೂ ‘ಅರಿವಿನ ಕೊರತೆ’ಯೇ ಕಾರಣ, ಶಿಬಿರ ಮಾಡಿ, ಕರಪತ್ರ ಹಂಚಿ ಎನ್ನುತ್ತಾರೆ. ಜನಕ್ಕೆ ಅರಿವು ಚೆನ್ನಾಗಿಯೇ ಇದೆ. ಬಿಪಿಎಲ್ ಕಾರ್ಡಿಗಾಗಿ ತಾಲ್ಲೂಕು ಕಚೇರಿಗೆ ಅಲೆಯುವವರಲ್ಲಿ ಎಷ್ಟೋ ಮಂದಿ ಬರುವುದು ಅಕ್ಕಿಗಲ್ಲ, ಆಸ್ಪತ್ರೆಗೆ.

ಇದರ ಎದುರಿಗೆ ಯಶಸ್ವಿನಿಯನ್ನು ಇಟ್ಟು ನೋಡಬೇಕು. ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ ಹುಟ್ಟಿ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ ವಂತಿಗೆ. ದೋಷಗಳಿದ್ದವು: ಅದು ಮುಖ್ಯವಾಗಿ ಶಸ್ತ್ರಚಿಕಿತ್ಸೆಗಷ್ಟೇ, ಕೀಮೋಥೆರಪಿಗೆ ಕಾಸಿಲ್ಲ, ವರ್ಷದ ವಂತಿಗೆ 60ರಿಂದ 120ಕ್ಕೆ ಏರಿದಾಗ ಸದಸ್ಯರೂ ಕಡಿಮೆಯಾದರು. ಈ ಕಡೆಯ ಮಾತನ್ನೇ ಹಿಡಿದು, ಹಣ ಕಟ್ಟಿಸಿಕೊಳ್ಳುವ ಯೋಜನೆಯೇ ಹಿಂದುಳಿದದ್ದು, ನೋಂದಣಿಯಿಲ್ಲದ ಯೋಜನೆಯೇ ಮುಂದುವರಿದದ್ದು ಎಂದು ತೀರ್ಪು ಕೊಟ್ಟವರುಂಟು. ನೋಂದಣಿ ಎಲ್ಲಿಗೂ ಹೋಗಿಲ್ಲ ಸ್ವಾಮಿ, ಆಹಾರ ಇಲಾಖೆಗೆ ವರ್ಗವಾಗಿದೆ ಅಷ್ಟೆ. 2022ರಲ್ಲಿ ಮತ್ತೆ ಜೀವ ಪಡೆದ ಯಶಸ್ವಿನಿಯಲ್ಲಿ ಹಳ್ಳಿಯ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಪಟ್ಟಣದವರಿಗೆ 1,000, ಪರಿಶಿಷ್ಟರಿಗೆ ಉಚಿತ ಎಂದಾಯಿತು. ಮಿತಿ 5 ಲಕ್ಷ. ಕಾರ್ಡಿನ ಬಣ್ಣವನ್ನು ಅದು ಕೇಳುವುದಿಲ್ಲ, ಸೊಸೈಟಿಯ ಸದಸ್ಯತ್ವ ಕೇಳುತ್ತದೆ. ಸಹಕಾರ ಸಂಘದ ನಂಟೇ ಇಲ್ಲದ ನಗರದ ಗಾರ್ಡಿಗೆ ಅದೂ ದೂರ, ಒಪ್ಪುತ್ತೇನೆ. ಆದರೂ ನಡುವಿನವರನ್ನು ವಿಮೆಯೊಳಗೆ ನಿಜವಾಗಿ ಕರೆದುಕೊಂಡದ್ದು ಈ ಯೋಜನೆಯೇ ಹೊರತು ‘ಎಲ್ಲರಿಗೂ’ ಎಂದು ಬೋರ್ಡು ಹಾಕಿಕೊಂಡದ್ದಲ್ಲ.

ಎಪಿಎಲ್ ಕಾರ್ಡಿನ ಓದುಗರಿಗೆ ಒಂದು ಮಾತು. ಹಾಲಿನ ಡೇರಿಯಲ್ಲೋ ಕೃಷಿ ಪತ್ತಿನ ಸಂಘದಲ್ಲೋ ನಿಮ್ಮ ಹೆಸರಿದ್ದರೆ ಯಶಸ್ವಿನಿಯ ನೋಂದಣಿಗೆ ಕೊನೆಯ ದಿನ ಯಾವುದೆಂದು ಕಾರ್ಯದರ್ಶಿಯನ್ನು ಈಗಲೇ ಕೇಳಿ. ಅದು ದಾಟಿದರೆ ಮುಂದಿನ ನೋಂದಣಿಯ ತನಕ ನಿಮ್ಮ ಪಾಲಿಗೆ ಉಳಿಯುವುದು ಆ ಮೂವತ್ತೇ.