ಒಂದು ಲೇಬಲ್, ಒಂದು ಫೋನ್ ಕಾಲ್

2024ರ ಮಾರ್ಚ್ 26. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಸೇತುವೆ ಬಿದ್ದ ಆ ವಿಡಿಯೋ ನೀವೂ ನೋಡಿರ್ತೀರಿ. ಸುಮಾರು 300 ಮೀಟರ್ ಉದ್ದದ 'ಡಾಲಿ' ಅನ್ನೋ ಕಂಟೇನರ್ ಹಡಗು. ಅದರ ದೀಪಗಳು ಆರುತ್ತವೆ, ಹತ್ತುತ್ತವೆ, ಮತ್ತೆ ಆರುತ್ತವೆ. ಆಮೇಲೆ ಅದು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಗುದ್ದುತ್ತದೆ. 1977ರಿಂದ ನಿಂತಿದ್ದ ಸೇತುವೆ ಕೆಲವೇ ಸೆಕೆಂಡುಗಳಲ್ಲಿ ನೀರುಪಾಲು. ಅಲ್ಲಿ ನಡುರಾತ್ರಿ, ಇಲ್ಲಿ ಹಗಲು. ಆಫೀಸ್ ಕ್ಯಾಂಟೀನಿನಲ್ಲಿ ಊಟ ಮಾಡ್ತಾ ನಾನಂತೂ ಅದನ್ನು ನಾಲ್ಕು ಸಲ ನೋಡಿದೆ.

ದಿನ ಮುಗಿಯೋದರೊಳಗೆ ಎಲ್ಲರಿಗೂ ಅವರವರಿಗೆ ಬೇಕಾದ ಅಪರಾಧಿ ಸಿಕ್ಕಿದ್ದ. ಒಬ್ಬರಿಗೆ ಸೈಬರ್ ದಾಳಿ, ಇನ್ನೊಬ್ಬರಿಗೆ ಭಯೋತ್ಪಾದಕರು. ನಗರದ ಮೇಯರ್ ಕಪ್ಪು ವರ್ಣೀಯರು, ಹಾಗಾಗಿ ಅವರು ಅರ್ಹತೆಯಿಂದಲ್ಲ, ಬರೀ ಬಣ್ಣದಿಂದ ಆ ಕುರ್ಚಿಗೆ ಬಂದವರು ಅನ್ನೋ ಬೈಗುಳ. ಸಿಬ್ಬಂದಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಭಾರತೀಯರು ಅಂತ ಗೊತ್ತಾದ ಮೇಲೆ ಆ ಕಾರ್ಟೂನ್ ಬಂತು: ಲಂಗೋಟಿ ಕಟ್ಟಿಕೊಂಡ ಗಂಡಸರು ಹಡಗಿನ ಕಂಟ್ರೋಲ್ ರೂಮಿನಲ್ಲಿ ಗಾಬರಿಬಿದ್ದು ನಿಂತಿರೋದು.

ಆ ಕಾರ್ಟೂನ್ ಜನಾಂಗೀಯ ದ್ವೇಷದ್ದು, ಅದರಲ್ಲಿ ಎರಡು ಮಾತಿಲ್ಲ. ವ್ಯಂಗ್ಯವಾಗಿ ನೋಡಿದರೂ ಅದು ಸೋಮಾರಿ ಕೆಲಸ. ಬಂದರಿನಿಂದ ಹೊರಡೋ ಹಡಗಿಗೆ ದಾರಿ ತೋರಿಸೋಕೆ ಸ್ಥಳೀಯ ಪೈಲಟ್‌ಗಳು ಹತ್ತುತ್ತಾರೆ. ಆ ರಾತ್ರಿ ದಿಕ್ಕು, ವೇಗದ ಸೂಚನೆ ಕೊಡ್ತಿದ್ದವರು ಅಮೆರಿಕದವರೇ. ಅಷ್ಟು ತಿಳ್ಕೊಂಡಿದ್ದರೂ ಆ ಜೋಕ್ ಉಳೀತಿರಲಿಲ್ಲ.

ನಮಗೆ ಸಿಟ್ಟು ಬಂತು, ಬರಲೇಬೇಕಿತ್ತು. ನಮ್ಮ ವಾಟ್ಸಾಪ್ ಗ್ರೂಪ್ ಎರಡು ದಿನ ಕುದೀತು. ಹಡಗಿನವರು ಎಚ್ಚರಿಕೆ ಕೊಟ್ಟಿದ್ದರಿಂದ ಜೀವಗಳು ಉಳಿದವು ಅಂತ ಬೈಡನ್ ಹೇಳಿದಾಗ 'ನಮ್ಮ ಹುಡುಗರು' ಅಂತ ಎದೆ ಉಬ್ಬಿಸಿದ್ದೂ ಆಯ್ತು. ಅಲ್ಲಿಗೆ ನಮ್ಮ ಕಥೆ ಮುಗೀತು. ಆ ಹುಡುಗರ ಕಥೆ ಮುಗೀಲಿಲ್ಲ. ದಡಕ್ಕೆ ಇಳಿಯೋಕೆ ಪರವಾನಗಿ ಇಲ್ಲದೆ ವಾರಗಟ್ಟಲೆ ಹಡಗಿನಲ್ಲೇ ಉಳಿದರು. ಎಫ್‌ಬಿಐ ಅವರ ಫೋನ್ ತಗೊಂಡು ಹೋಯ್ತು. ಮೇ 13ರಂದು ಹಡಗಿನ ಮೇಲೆ ಬಿದ್ದಿದ್ದ ಉಕ್ಕನ್ನು ಸ್ಫೋಟಕ ಇಟ್ಟು ಒಡೆದಾಗಲೂ ಅವರು ಒಳಗೇ ಇದ್ದರು. ಆಗ ನಮ್ಮ ಗ್ರೂಪ್‌ನಲ್ಲಿ ಐಪಿಎಲ್ ನಡೀತಿತ್ತು. ನಾನೂ ಅದರಲ್ಲೇ ಇದ್ದೆ.

ಕಾರಣ ಗೊತ್ತಾಗೋಕೆ 20 ತಿಂಗಳು ಹಿಡೀತು. 2025ರ ನವೆಂಬರ್‌ನಲ್ಲಿ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಹೇಳಿದ್ದು ಇಷ್ಟು: ಒಂದು ವೈರ್‌ಗೆ ಸುತ್ತಿದ್ದ ಗುರುತಿನ ಲೇಬಲ್ ಸರಿಯಾದ ಜಾಗದಲ್ಲಿ ಇರಲಿಲ್ಲ. ಅದು ಅಡ್ಡ ಬಂದು ವೈರ್ ಟರ್ಮಿನಲ್ ಒಳಗೆ ಪೂರ್ತಿ ಕೂರಲಿಲ್ಲ. ಸಂಪರ್ಕ ಸಡಿಲವಾಗಿ ಕರೆಂಟ್ ಹೋಯ್ತು. ಎರಡನೇ ಸಲ ಹೋಗಿದ್ದು ಬೇರೆ ಕಾರಣಕ್ಕೆ: ಜನರೇಟರ್‌ಗಳಿಗೆ ಇಂಧನ ಕೊಡೋಕೆ ಬಳಸಿದ್ದ ಪಂಪ್ ತಾನಾಗಿ ಮತ್ತೆ ಶುರುವಾಗುವಂಥದ್ದಲ್ಲ. ಇತ್ತ ಸೇತುವೆಯ ಅಪಾಯದ ಮಟ್ಟ ಒಪ್ಪಬಹುದಾದ ಮಿತಿಗಿಂತ ಸುಮಾರು 30 ಪಟ್ಟು ಹೆಚ್ಚಿತ್ತು. ಅದನ್ನು ಮೊದಲೇ ಯಾರೂ ಲೆಕ್ಕ ಹಾಕಿ ನೋಡಿರಲಿಲ್ಲ. ತಪ್ಪು ಯಾರದೂ ಅಲ್ಲ ಅಂತ ನಾನು ಹೇಳ್ತಿಲ್ಲ. ಬೇಕಾದಷ್ಟಿದೆ. ಆದರೆ ಅದರಲ್ಲಿ ಯಾವುದಕ್ಕೂ ಚರ್ಮದ ಬಣ್ಣ ಇಲ್ಲ. ಪ್ರೊಡಕ್ಷನ್ ಬಿದ್ದ ರಾತ್ರಿ ಆರ್‌ಸಿಎ ಬರೋ ಮೊದಲೇ 'ಯಾರು ಮಾಡಿದ್ದು?' ಅಂತ ಮ್ಯಾನೇಜರ್ ಕೇಳಿದರೆ ನಮಗೆ ಹೇಗೆ ಉರಿಯುತ್ತೆ? ಆ ದಿನ ನಾವೆಲ್ಲ ಅಂಥ ಮ್ಯಾನೇಜರ್‌ಗಳೇ ಆಗಿದ್ವಿ.

ಈ ಗದ್ದಲದಲ್ಲಿ ಕಳೆದುಹೋದ ಪ್ರಶ್ನೆ ಇನ್ನೊಂದಿದೆ. ಹಡಗಿನಿಂದ ಎಚ್ಚರಿಕೆ ಬಂದ ತಕ್ಷಣ ಪೊಲೀಸರು ಸೇತುವೆಯ ಎರಡೂ ತುದಿಯಲ್ಲಿ ವಾಹನ ತಡೆದರು. ಆ ಕ್ಷಣದಲ್ಲಿ ಮೇಲೆ 8 ಜನ ಇದ್ದರು, ರಸ್ತೆಯ ಗುಂಡಿ ಮುಚ್ಚುವ ತಂಡದವರು. 6 ಜನ ಸತ್ತರು. ಸತ್ತವರು ಮೆಕ್ಸಿಕೋ, ಮಧ್ಯ ಅಮೆರಿಕದಿಂದ ಹೊಟ್ಟೆಪಾಡಿಗೆ ಬಂದವರು. ಅವರಿಗೆ ಯಾರೂ ವಿಷಯ ಮುಟ್ಟಿಸಲಿಲ್ಲ. ಪೊಲೀಸರಿಗೆ ಹೇಳಿದ ಹೊತ್ತಿಗೇ ಅವರಿಗೂ ಹೇಳಿದ್ದರೆ, ಬೀಳದೆ ಉಳಿದ ಭಾಗಕ್ಕೆ ಗಾಡಿ ಓಡಿಸಿಕೊಂಡು ಹೋಗೋಕೆ ಸಮಯ ಸಿಕ್ತಿತ್ತೇನೋ ಅಂತ ಅದೇ ಮಂಡಳಿ ಹೇಳಿದೆ.

ರಾತ್ರಿ ಸೇತುವೆ ಮೇಲೆ ಕೆಲಸ ಮಾಡೋರಿಗೆ ಒಂದು ಫೋನ್ ಕಾಲ್ ತಲುಪೋ ವ್ಯವಸ್ಥೆ ಯಾಕಿರಲಿಲ್ಲ? ಆ ದಿನ ಕೇಳಬೇಕಿದ್ದದ್ದು ಇದನ್ನು. ನಮ್ಮ ಮೆಟ್ರೋ ಪಿಲ್ಲರ್‌ಗಳ ಕೆಳಗೆ, ಫ್ಲೈಓವರ್‌ಗಳ ಮೇಲೆ ರಾತ್ರಿ ಕೆಲಸ ಮಾಡೋರ ಬಗ್ಗೆಯೂ ಕೇಳಬಹುದು.

ವರದಿ ಬಂದ ದಿನ ಸುದ್ದಿಯ ಲಿಂಕನ್ನು ಅದೇ ವಾಟ್ಸಾಪ್ ಗ್ರೂಪ್‌ಗೆ ಹಾಕಿದೆ. ಎರಡು ಥಂಬ್ಸ್‌ಅಪ್ ಬಂದವು. 'ಇದು ಯಾವ ಸೇತುವೆ ಮಾರಾಯಾ?' ಅಂತ ಒಬ್ಬ ಕೇಳಿದ.